ಸೇರಿಗೆ ಸವ್ವಾಸೇರು

ಹೋಳಿಗೆಯ ಹೂರಣಕ್ಕೆ ಬೆಲ್ಲ ಎಷ್ಟು ಎಂದು ನಮ್ಮ ಹಾವೇರಿ ಜಿಲ್ಲೆಯ ಯಾವ ಊರಿನಲ್ಲಿ ಕೇಳಿದರೂ ಉತ್ತರ ಒಂದೇ: "ಬ್ಯಾಳಿ ಎಷ್ಟೋ ಬೆಲ್ಲ ಅಷ್ಟ." ಕೇಳಿದವರು ಸಮಾಧಾನದಿಂದ ತಲೆಯಾಡಿಸಿ ಹೋಗುತ್ತಾರೆ. ಮನೆ ಮುಟ್ಟಿ ಒಲೆ ಹೊತ್ತಿಸಿದ ಮೇಲೆ ಅನುಮಾನ ಸುರುವಾಗುತ್ತದೆ. ಕಡಲೆಬೇಳೆಯನ್ನು ನಾವು ಸೇರಿನಿಂದಲೋ ವಾಟಗದಿಂದಲೋ ಅಳೆದು ಬೇಯಲು ಹಾಕುತ್ತೇವೆ. ಬೆಲ್ಲದ ಪೆಂಟಿ ಸೇರಿನೊಳಗೆ ಇಳಿಯುವುದಿಲ್ಲ. ಅದು ಅಂಗಡಿಯಲ್ಲೇ ತಕ್ಕಡಿ ಹತ್ತಿ ಇಳಿದು ಬಂದಿರುತ್ತದೆ. ಒಂದು ಅಳತೆ, ಇನ್ನೊಂದು ತೂಕ. ಹಾಗಾದರೆ 'ಅಷ್ಟ' ಎಂದರೆ ಯಾವ ಅಷ್ಟು? ಸೇರಿನಷ್ಟೋ, ಕಿಲೋದಷ್ಟೋ? ಕುಟ್ಟಿದ ಬೆಲ್ಲವೋ, ಹೆರೆದ ಬೆಲ್ಲವೋ? ಹೆರೆದದ್ದನ್ನು ವಾಟಗದಲ್ಲಿ ಒತ್ತಿ ತುಂಬಬೇಕೋ, ಉದುರಿಸಿ ಬಿಡಬೇಕೋ?

ಇದನ್ನೆಲ್ಲ ಶಿಗ್ಗಾಂವಿಯ ನಮ್ಮ ದೊಡ್ಡವ್ವನ ಮುಂದೆ ಬಿಡಿಸಿ ಇಟ್ಟಾಗ ಆಕೆ ರುಬ್ಬುವುದನ್ನು ನಿಲ್ಲಿಸದೆಯೇ ಹೇಳಿದಳು: "ಹೂರಣ ಒಂದೀಟ ನಾಲಿಗಿ ಮ್ಯಾಲ ಇಟಗೊಂಡ ನೋಡಪಾ ತಮ್ಮಾ. ಕಡಿಮಿ ಆಗಿದ್ರ ಹಾಕು. ಹೆಚ್ಚಾಗಿದ್ರ ಸುಮ್ಮನಿರು."

ಇಷ್ಟು ಸೊಗಸಾದ ಅಡುಗೆ ಪುಸ್ತಕವನ್ನು ಯಾರೂ ಬರೆದಿಲ್ಲ. ತೊಂದರೆ ಏನೆಂದರೆ ಆ ಪುಸ್ತಕ ದೊಡ್ಡವ್ವನ ನಾಲಿಗೆಯ ಮೇಲಿದೆ, ನಮಗೆ ಎರವಲು ಸಿಗುವುದಿಲ್ಲ.

ನಮ್ಮ ಬಳಗ ನಾಲ್ಕು ತಾಲ್ಲೂಕುಗಳಲ್ಲಿ ಹರಡಿದೆ. ನಾವು ಹಾನಗಲ್ಲಿನವರು, ಅಕ್ಕನನ್ನು ಸವಣೂರಿಗೆ ಕೊಟ್ಟಿದೆ, ದೊಡ್ಡವ್ವ ಶಿಗ್ಗಾಂವಿಯಲ್ಲಿ, ಅವ್ವನ ತವರು ಹಿರೇಕೆರೂರು. ಬಸ್ಸಿನಲ್ಲಿ ಕೂತರೆ ಒಂದೇ ದಿನದಲ್ಲಿ ನಾಲ್ಕೂ ಮನೆಯ ಚಹಾ ಕುಡಿದು ಬರಬಹುದು. ನಾಲ್ಕೂ ಮನೆಗಳಲ್ಲಿ 'ಒಂದು ವಾಟಗ' ಎಂಬ ಮಾತು ನಡೆಯುತ್ತದೆ, ನಾಲ್ಕೂ ಕಡೆ ಅದು ಬೇರೆ ಬೇರೆ. ಮೊಮ್ಮಗಳ ಹಾಲಿನ ಬಾಟಲಿಗೆ ಮಿಲಿಲೀಟರಿನ ಗೆರೆಗಳಿರುತ್ತವಲ್ಲ, ಅದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ನೀರು ಸುರಿದು ನೋಡಿದ್ದೇನೆ. ನಮ್ಮ ಮನೆಯದು 160 ಮಿಲಿಲೀಟರ್ ಹಿಡಿಯುತ್ತದೆ. ದೊಡ್ಡವ್ವನದು 140ರ ಬುಡಕ್ಕೇ ತುಳುಕುತ್ತದೆ. ಅಕ್ಕನದು 220, ಸವಣೂರು ನವಾಬರ ಊರು, ಅಲ್ಲಿ ಎಲ್ಲವೂ ಸ್ವಲ್ಪ ಧಾರಾಳ. ಹಿರೇಕೆರೂರಿನಲ್ಲಿ ಮಾಮಾನ ಮನೆಯವರು ವಾಟಗ ಎಂದು ಕರೆಯುವುದು ಅಸಲಿಗೆ ಒಂದು ಲೋಟ, ಅದು 300 ಮುಟ್ಟುತ್ತದೆ. ಈ ಸಂಶೋಧನೆ ನಡೆಯುತ್ತಿದ್ದಾಗ ನಾಲ್ಕೂ ಮನೆಯ ಹೆಂಗಸರು ನನ್ನ ಹೆಂಡತಿಗೆ ಪ್ರತ್ಯೇಕವಾಗಿ ಫೋನ್ ಮಾಡಿ, "ಅವರ ತಬ್ಬೇತ ಹುಷಾರ ಐತೇನವಾ?" ಎಂದು ವಿಚಾರಿಸಿದ್ದಾರೆ.

ಆದರೂ ನಾಲ್ಕೂ ಮನೆಯ ಅಡುಗೆ ಕೆಡುವುದಿಲ್ಲ. ಯಾಕೆಂದರೆ ಬೇಳೆ ಅಳೆದ ವಾಟಗದಲ್ಲೇ ನೀರು, ರವೆ ಅಳೆದ ವಾಟಗದಲ್ಲೇ ಸಕ್ಕರೆ. ವಾಟಗ ಎಷ್ಟು ಹಿಡಿಯುತ್ತದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನೆರೆಮನೆಯಿಂದ ಸಕ್ಕರೆ ಕಡ ತರಬೇಕಾದರೂ ಹುಡುಗರ ಕೈಯಲ್ಲಿ ನಮ್ಮದೇ ವಾಟಗ ಕೊಟ್ಟು ಕಳಿಸುತ್ತೇವೆ. ತೀರಿಸುವಾಗಲೂ ಅದೇ ವಾಟಗ, ಮೇಲೆ ಒಂದಿಷ್ಟು ಗೋಪುರ ಕಟ್ಟಿ. ಬಡ್ಡಿ, ಅಸಲು, ಮರ್ಯಾದೆ ಮೂರೂ ಒಟ್ಟಿಗೇ ಮುಟ್ಟುತ್ತವೆ. ಲೆಕ್ಕ ಬಿಗಡಾಯಿಸುವುದು ವಾಟಗ ಮನೆಯಲ್ಲಿ ಉಳಿದು ಮಗಳು ಮಾತ್ರ ಬೇರೆ ಊರಿಗೆ ಹೋದಾಗ.

ನಮ್ಮ ಹಿರೇಕೆರೂರಿನ ಅಜ್ಜಿ ಇದನ್ನು ಮೊದಲೇ ಊಹಿಸಿದ್ದಳೋ ಏನೋ. ಆಕೆ ಶಿಕಾರಿಪುರದ ಕಡೆಯವಳು. ಮದುವೆಯಾಗಿ ಬಂದಾಗ ಹಿರೇಕೆರೂರು ಮುಂಬೈ ಪ್ರಾಂತದಲ್ಲಿತ್ತು, ಶಿಕಾರಿಪುರ ಮೈಸೂರು ಸಂಸ್ಥಾನದಲ್ಲಿತ್ತು. ಬಂಡಿಯಲ್ಲಿ ಪಾತ್ರೆ ಪಡಗದ ಜೊತೆಗೆ ಆಕೆ ತವರಿನ ಸೇರನ್ನೂ ತಂದಿದ್ದಳು. ಹೀಗಾಗಿ ಆ ಮನೆಯಲ್ಲಿ ಎರಡು ಸೇರುಗಳಿದ್ದವು: ಅತ್ತೆಯದೊಂದು, ಸೊಸೆಯದೊಂದು. ಎರಡೂ ಹಿತ್ತಾಳೆ, ಎರಡೂ ಸೇರು, ಆದರೆ ಒಂದರಲ್ಲಿ ಹಿಡಿದದ್ದು ಇನ್ನೊಂದರಲ್ಲಿ ಹಿಡಿಯುತ್ತಿರಲಿಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳು ಒಂದಾದವು. ಅಡುಗೆಮನೆಯ ಏಕೀಕರಣಕ್ಕೆ ಅದಾದ ಮೇಲೂ ಕೆಲವು ವರ್ಷ ಬೇಕಾಯಿತು ಎಂದು ಅವ್ವ ಹೇಳುತ್ತಿದ್ದಳು.

ಆ ಮೈಸೂರು ಸೇರಿನ ಹುಟ್ಟಿನ ಕತೆ ನನಗೆ ಬಹಳ ಇಷ್ಟ. ಸೇರು ಎಂಬುದು ಅಲ್ಲಿ ತೂಕವೂ ಹೌದು, ಅಳತೆಯೂ ಹೌದು. ಕಚ್ಚಾ ಸೇರು ಎಂದರೆ 24 ರೂಪಾಯಿ ನಾಣ್ಯಗಳ ತೂಕ. ಅದು ತಕ್ಕಡಿಯ ವ್ಯವಹಾರ. ಪಕ್ಕಾ ಸೇರು ಕಾಳು ಅಳೆಯುವ ಪಾತ್ರೆ. ಪಾತ್ರೆ ಎಷ್ಟು ದೊಡ್ಡದಿರಬೇಕು ಎಂದು ಗೊತ್ತುಪಡಿಸುವುದು ಹೇಗೆ? ಒಂಬತ್ತು ಬಗೆಯ ಕಾಳುಗಳನ್ನು ಸಮಸಮವಾಗಿ ಬೆರೆಸಿ, ಅದರಲ್ಲಿ 84 ರೂಪಾಯಿ ತೂಕದಷ್ಟನ್ನು ತೆಗೆದುಕೊಂಡು, ಅದು ತಲೆಗಟ್ಟಿ ತುಂಬುವ ಪಾತ್ರೆಯೇ ಪಕ್ಕಾ ಸೇರು ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ರೂಪಾಯಿ ತೂಕವೆಂದರೆ ಒಂದು ತೊಲೆ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. 84 ತೊಲೆ ಎಂದರೆ ಕಿಲೋಗ್ರಾಮಿಗೆ ಇಪ್ಪತ್ತೇ ಗ್ರಾಂ ಕಡಿಮೆ.

ಒಂಬತ್ತು ಕಾಳು ಯಾಕೆ ಬೇಕಿತ್ತು? ಅಕ್ಕಿಯೊಂದನ್ನೇ ಹಿಡಿದು ಸೇರು ಮಾಡಿದ್ದರೆ ಅದು ಅಕ್ಕಿಗೆ ಮಾತ್ರ ನ್ಯಾಯವಾಗುತ್ತಿತ್ತು. ಹುರುಳಿ ಒತ್ತಾಗಿ ಕೂರುತ್ತದೆ, ಅವರೆ ನಡುವೆ ಸಂದು ಬಿಡುತ್ತದೆ, ಉದ್ದು ಒಂದು ತೂಗಿದರೆ ಎಳ್ಳು ಇನ್ನೊಂದು ತೂಗುತ್ತದೆ. ಯಾವ ಕಾಳಿಗೂ ಪೂರ್ತಿ ನ್ಯಾಯ ಸಿಗದಂತೆ, ಯಾವುದಕ್ಕೂ ಪೂರ್ತಿ ಅನ್ಯಾಯ ಆಗದಂತೆ ಒಂಬತ್ತನ್ನೂ ಕೂಡಿಸಿ ನಡುವಿನದೊಂದು ಪಾತ್ರೆ ಮಾಡಿದರು. ಪಂಚಾಯಿತಿ ತೀರ್ಪು ಕೂಡ ಹೀಗೇ ಇರುತ್ತದೆ. ತೂಕ ಮತ್ತು ಅಳತೆಯ ನಡುವೆ ಒಂದೇ ಒಂದು ಸಂಖ್ಯೆಯ ಸೇತುವೆ ಕಟ್ಟಲು ಬರುವುದಿಲ್ಲ, ಪ್ರತಿ ಪದಾರ್ಥಕ್ಕೂ ಅದರದೇ ಸೇತುವೆ ಬೇಕು ಎಂಬುದನ್ನು ಆ ಮಂದಿ ಬಲ್ಲವರಾಗಿದ್ದರು. ಇವತ್ತು ಮೊಬೈಲ್ ಹಿಡಿದು 'ಒಂದು ಕಪ್ಪಿಗೆ ಎಷ್ಟು ಗ್ರಾಂ' ಎಂದು ಕೇಳುವವರಿಗೆ, ಏನನ್ನು ಅಳೆಯುತ್ತೀರಿ ಎಂದು ಹೇಳದೆ ಈ ಪ್ರಶ್ನೆಗೆ ಅರ್ಥವಿಲ್ಲ ಎಂಬುದು ಎಷ್ಟೋ ಸಲ ಹೊಳೆದೇ ಇರುವುದಿಲ್ಲ.

ಕನಕದಾಸರು ಹುಟ್ಟಿದ ಬಾಡ ಇರುವುದು ನಮ್ಮ ಶಿಗ್ಗಾಂವಿ ತಾಲ್ಲೂಕಿನಲ್ಲಿ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿ ಮತ್ತು ರಾಗಿಗೆ ಜಗಳ ಹತ್ತುತ್ತದೆ. ತಾನು ಹೆಚ್ಚು, ತಾನು ಹೆಚ್ಚು ಎಂದು ರಾಮನ ಮುಂದೆ ಹೋಗುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅಕ್ಕಿ ಕೆಟ್ಟುಹೋಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಕಾವ್ಯಕ್ಕೆ ಆರು ತಿಂಗಳು ಬೇಕು, ಒಪ್ಪುತ್ತೇನೆ. ತಕ್ಕಡಿ ಇಟ್ಟುಕೊಂಡ ಅಂಗಡಿಯವರು ಯಾರಾದರೂ ಅಲ್ಲಿದ್ದಿದ್ದರೆ ಕಟ್ಲೆ ಆರು ನಿಮಿಷದಲ್ಲಿ ಮುಗಿಯುತ್ತಿತ್ತು. ಒಂದು ಲೀಟರ್ ಹಿಡಿಯುವ ಪಾತ್ರೆಗೆ ಭತ್ತ ತುಂಬಿದರೆ 600 ಗ್ರಾಂ ಆಗುವುದು ಕಷ್ಟ, ಹೊಟ್ಟು ಜಾಗ ತಿನ್ನುತ್ತದೆ. ಅದೇ ಪಾತ್ರೆಗೆ ರಾಗಿ ಹಾಕಿದರೆ 750 ಗ್ರಾಂ ದಾಟುತ್ತದೆ. ಭತ್ತದ ಪರ ವಕೀಲರು ಇದ್ದರೆ, "ಸ್ವಾಮಿ, ನಮ್ಮ ಕಕ್ಷಿದಾರರ ಅಂಗಿ ಕಳಚಿ ತೂಗಿರಿ" ಎನ್ನಬಹುದಿತ್ತು; ಹೊಟ್ಟು ಬಿಡಿಸಿದ ಅಕ್ಕಿ ಲೀಟರಿಗೆ 800 ಗ್ರಾಮಿನ ಸುತ್ತ ತೂಗಿ ರಾಗಿಗೆ ಸರಿಸಮ ನಿಲ್ಲುತ್ತದೆ. ಆಗ ಮತ್ತೆ ಸೆರೆಮನೆಯೇ ಗತಿ. ಬಾಡದ ಕವಿ ಸರಿಯಾದ ಹಾದಿಯನ್ನೇ ಹಿಡಿದಿದ್ದಾರೆ.

ಸೇರಿಗೂ ತಕ್ಕಡಿಗೂ ಇರುವ ವೈಮನಸ್ಸನ್ನು ಕಣ್ಣಾರೆ ನೋಡಬೇಕೆಂದರೆ ಹಿಟ್ಟಿನ ಗಿರಣಿಗೆ ಹೋಗಬೇಕು. ಸೇರು ಜೋಳ ಒಯ್ದು ಬೀಸಿಸಿಕೊಂಡು ಬಂದು ಸೇರಿನಿಂದಲೇ ಅಳೆದರೆ ಹಿಟ್ಟು ಸೇರಿಗಿಂತ ಹೆಚ್ಚು ಬರುತ್ತದೆ. ಕಾಳು ಒಡೆದು ಪುಡಿಯಾಗಿ, ಗಾಳಿ ತುಂಬಿಕೊಂಡು, ಬಿಸಿಬಿಸಿಯಾಗಿ ಉಬ್ಬಿ ಕೂತಿರುತ್ತದೆ. ಗಿರಣಿಯಾತ ಧರ್ಮರಾಯ! ಅದೇ ಜೋಳವನ್ನು ಕಿಲೋ ಲೆಕ್ಕದಲ್ಲಿ ಒಯ್ದು ಕಿಲೋ ಲೆಕ್ಕದಲ್ಲಿ ತಂದರೆ ಯಾವಾಗಲೂ ಕಡಿಮೆ. ಕಲ್ಲಿಗೆ ಮೆತ್ತಿದ್ದು, ಗಾಳಿಗೆ ಹಾರಿದ್ದು, ಹಿಂದಿನವರ ಗೋಧಿಯ ಜೊತೆ ಹೋದದ್ದು. ಗಿರಣಿಯಾತ ಕಳ್ಳ! ಒಬ್ಬನೇ ಮನುಷ್ಯ, ಒಂದೇ ಗಿರಣಿ, ಒಂದೇ ಚೀಲ ಜೋಳ. ಅವ್ವನ ಕಾಲದ ಹೆಂಗಸರು ಗಿರಣಿಯವರ ಮೇಲೆ ಅಷ್ಟಾಗಿ ಜಗಳ ಮಾಡುತ್ತಿರಲಿಲ್ಲ, ಈಗಿನವರು ಮಾಡುತ್ತಾರೆ ಎಂಬ ಮಾತಿದೆ. ಕಾಲ ಕೆಟ್ಟಿದ್ದೇನೂ ಅಲ್ಲ, ಮನೆಮನೆಗೆ ಡಿಜಿಟಲ್ ತಕ್ಕಡಿ ಬಂದದ್ದು ಕಾರಣ.

ಈ ಉಬ್ಬಿದ ಹಿಟ್ಟು ಅಡುಗೆ ಪುಸ್ತಕಗಳಿಗೂ ಕಾಟ ಕೊಟ್ಟಿದೆ. ಜರಡಿ ಹಿಡಿದು ಹಗುರಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ಇದ್ದರೆ, ಡಬ್ಬಿಯೊಳಗೆ ಕಪ್ ಗುದ್ದಿ ತೆಗೆದದ್ದು 150 ಗ್ರಾಮಿನವರೆಗೆ ಹೋಗುತ್ತದೆ. ಅಂಚು ಸವರಿ ಸಮತಟ್ಟಾಗಿ ಅಳೆಯಿರಿ ಎಂದು ಅಮೆರಿಕದ ಮನೆಮನೆಗೆ ಕಲಿಸಿದವರು ಫ್ಯಾನಿ ಫಾರ್ಮರ್. ಬಾಸ್ಟನ್ನಿನ ಅಡುಗೆ ಶಾಲೆಯ ಹೆಸರಿನಲ್ಲಿ ಅವರ ಪುಸ್ತಕ ಬಂದದ್ದು 1896ರಲ್ಲಿ. ಅಂದಿನಿಂದ ಆ ದೇಶ ಕಪ್ ಬಿಟ್ಟಿಲ್ಲ, ಯುರೋಪು ತಕ್ಕಡಿ ಬಿಟ್ಟಿಲ್ಲ. ನಾವು ನಡುವೆ ಕೂತು ಎರಡೂ ಕಡೆಯ ವಿಡಿಯೊ ನೋಡುತ್ತೇವೆ. ಕಪ್ಪಾದರೂ ಒಂದೇ ಇದೆಯೇ? ಅಮೆರಿಕದ್ದು 237 ಮಿಲಿಲೀಟರಿನಷ್ಟು, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಇವೆಲ್ಲದರ ಮೇಲೆ ಸವಣೂರಿನ ಅಕ್ಕನ ಮನೆಗೆ ವಿದ್ಯುತ್ ರೈಸ್ ಕುಕ್ಕರಿನ ಹೊಟ್ಟೆಯಲ್ಲಿ ಇನ್ನೊಂದು ಪ್ಲಾಸ್ಟಿಕ್ ಕಪ್ ಬಂದಿಳಿಯಿತು, ಅದು 180. ಜಪಾನೀಯರ ಹಳೆಯ ಅಕ್ಕಿ ಅಳತೆಯಾದ 'ಗೋ' ಕುಕ್ಕರಿನೊಳಗೆ ಕೂತು ಪ್ರಪಂಚ ಸುತ್ತುತ್ತಿದೆ. ಮೈಸೂರು ಸೇರು ಅತ್ತೆಮನೆಗೆ ಬಂದ ಹಾಗೆಯೇ ಇದೂ ಬಂದಿದೆ, ಬಂಡಿ ಮಾತ್ರ ದೊಡ್ಡದು.

ಅಕ್ಕನ ಸೊಸೆ ಬೆಂಗಳೂರಿನಲ್ಲಿ ಓದಿದವಳು, ತಕ್ಕಡಿ ಮೇಲೆ ಭಕ್ತಿ. ಒಂದಕ್ಕೆ ಎರಡು ನೀರು ಎಂದು ಅತ್ತೆ ಹೇಳಿದ್ದನ್ನು ಕೇಳಿ ಅರ್ಧ ಕಿಲೋ ಅಕ್ಕಿಗೆ ಒಂದು ಕಿಲೋ ನೀರು ತೂಗಿಯೇ ಇಟ್ಟಳು. ಅನ್ನ ಚುರುಮುರಿಯ ಕಡೆಗೆ ವಾಲಿತು. ಅತ್ತೆಯ ಮಾತು ತಪ್ಪಲ್ಲ, ಸೊಸೆಯ ತಕ್ಕಡಿಯೂ ತಪ್ಪಲ್ಲ. ವಾಟಗದ ಲೆಕ್ಕದಲ್ಲಿ ಒಂದಕ್ಕೆ ಎರಡಾದದ್ದು ತಕ್ಕಡಿಯ ಲೆಕ್ಕದಲ್ಲಿ ಒಂದಕ್ಕೆ ಸುಮಾರು ಎರಡೂವರೆ. 240 ಮಿಲಿಲೀಟರ್ ಅಕ್ಕಿ 195 ಗ್ರಾಂ ತೂಗಿದರೆ, ಅದಕ್ಕೆ ಎರಡರಷ್ಟು ನೀರು 480 ಗ್ರಾಂ ಆಗುತ್ತದಲ್ಲ. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಅತ್ತೆ ಸೊಸೆ ಇಬ್ಬರೂ ಒಂದಾಗಿ ನನ್ನತ್ತ ನೋಡಿದ ನೋಟದಿಂದ ಆ ಮನೆಯಲ್ಲಿ ಅವತ್ತು ಶಾಂತಿ ನೆಲೆಸಿತು. ಹಾನಗಲ್ಲಿನ ಹಳೆಯ ಅಕ್ಕಿಗೆ ಮಾತ್ರ ಇನ್ನೂ ಒಂದು ಕೈ ನೀರು ಮುಂದಿರಬೇಕು, ಹೊಸ ಅಕ್ಕಿಗೆ ಹಿಂದಿರಬೇಕು. ಅದಕ್ಕೆ ಕೋಷ್ಟಕ ಇಲ್ಲ. ಬೆರಳ ಗೆಣ್ಣು ಇದೆ.

ಮಂಗಳವಾರವೋ ಶುಕ್ರವಾರವೋ, ಯಾವ ಊರಿನ ಸಂತೆಗೆ ಹೋದರೂ ಚುರುಮುರಿ ಮಾರುವವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸೇರಿನ ಗೌರವ ಇನ್ನೂ ಉಳಿದಿರುವುದು ಅಲ್ಲಿ. ಒಂದು ಕಪ್ ಚುರುಮುರಿ ತೂಗಿದರೆ 20 ಗ್ರಾಂ ದಾಟುವುದು ಕಷ್ಟ. ಅದನ್ನು ತಕ್ಕಡಿಯಲ್ಲಿ ಮಾರಿದರೆ ಕೊಳ್ಳುವವರಿಗೂ ಬೇಸರ, ಮಾರುವವರಿಗೂ ನಾಚಿಕೆ. ಸೇರು ಹಿಡಿದು ಚೀಲದೊಳಗೆ ಇಳಿಸಿ, ಎಡಗೈಯನ್ನು ಸೇರಿನ ಸುತ್ತ ಬೇಲಿ ಕಟ್ಟಿ, ಮೇಲೆ ಗುಡ್ಡ ಏರಿಸಿ ಒಂದೇ ಏಟಿಗೆ ನಮ್ಮ ಚೀಲಕ್ಕೆ ಬಗ್ಗಿಸುವುದು ನೋಡಬೇಕು. ಬೇಲಿ ಕಟ್ಟಿದ ಕೈಯೂ ಅಳತೆಯ ಭಾಗವೇ. ಗಿರ್ಮಿಟ್ ಮಾಡುವ ದಿನ ನಾವು ಆ ಕೈ ದೊಡ್ಡದಿರುವವರನ್ನೇ ಹುಡುಕಿಕೊಂಡು ಹೋಗುತ್ತೇವೆ.

ತಲೆಗಟ್ಟಿ ಅಳೆಯುವುದರಲ್ಲೂ ಒಂದು ಮರ್ಮವಿದೆ. ಸೇರಿನ ಬಾಯಿ ಅಗಲವಿದ್ದಷ್ಟೂ ಗುಡ್ಡ ದೊಡ್ಡದು. ಸಾಸಿವೆ, ರಾಗಿಗಳು ಜಾರುತ್ತವೆ, ಗುಡ್ಡ ನಿಲ್ಲುವುದಿಲ್ಲ. ಭತ್ತದ ಒರಟು ಮೈ ಒಂದನ್ನೊಂದು ಹಿಡಿದುಕೊಂಡು ಎತ್ತರಕ್ಕೆ ನಿಲ್ಲುತ್ತದೆ. ರೈತರ ಹತ್ತಿರ ಕೊಳ್ಳುವಾಗ ಅಗಲ ಬಾಯಿಯ ಸೇರು, ಪೇಟೆಯಲ್ಲಿ ಮಾರುವಾಗ ಕಿರಿದಾದ ಬಾಯಿಯ ಸೇರು ಇಟ್ಟುಕೊಂಡ ಜಾಣರು ಇದ್ದರು. ಕೊಳ್ಳುವಾಗ ಕುಲುಕಿ ಕುಲುಕಿ ತುಂಬಿ, ಮಾರುವಾಗ ಮೆಲ್ಲಗೆ ಸುರಿಯುವವರೂ ಇದ್ದರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನದೆ 'ಲಾಭ' ಎಂದು ಎಣಿಸುವ ಪದ್ಧತಿ ನಮ್ಮಲ್ಲಿದೆ. ಆ ಲಾಭ ಯಾರದು ಎಂದು ಸೇರಿನ ಬಾಯಿ ನೋಡಿದರೆ ತಿಳಿಯುತ್ತಿತ್ತು.

ಇಂಥದ್ದನ್ನೆಲ್ಲ ನಿಲ್ಲಿಸಲೆಂದೇ ಕೇಂದ್ರ ಸರ್ಕಾರ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ತಂದು, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋ ಬಳಕೆಗೆ ಬಿಟ್ಟಿತು. 80 ತೊಲೆಯ ಸೇರು 933 ಗ್ರಾಂ. ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚು. "ಸೇರಿನ ಮ್ಯಾಲ ಒಂದು ಮುಷ್ಟಿ ಹಾಕಿದ್ರ ಕಿಲೋ ಆತು" ಎಂದು ಅಪ್ಪ ಅವ್ವನಿಗೆ ಕಲಿಸಿದ್ದನಂತೆ. ಕೋಷ್ಟಕಗಳಲ್ಲಿ ಇದಕ್ಕಿಂತ ಚಂದದ್ದನ್ನು ನಾನು ಕಂಡಿಲ್ಲ. ಅಂಗಡಿಯಿಂದ ಸೇರು ಹೋಯಿತು. ಅಡುಗೆಮನೆಗೆ ಇನ್‌ಸ್ಪೆಕ್ಟರ್ ಬರುವುದಿಲ್ಲವಾದ್ದರಿಂದ ಅಲ್ಲಿ ಪಾವು, ಅಚ್ಚೇರು, ಚಟಾಕು, ಹಿಡಿ, ಬೊಗಸೆ, ಚಿಟಿಕೆ ಎಲ್ಲವೂ ಸುಖವಾಗಿವೆ.

ವರ್ಷದ ಮಸಾಲೆ ಖಾರ ಕುಟ್ಟಿಸುವ ದಿನ ದೊಡ್ಡವ್ವನ ಮನೆಗೆ ಬಂದರೆ ಈ ಸಂಸಾರ ಪೂರ್ತಿ ನೋಡಲು ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕಿಲೋ ಲೆಕ್ಕ. ಹವೀಜು ಸೇರಿನ ಲೆಕ್ಕ. ಲವಂಗ, ದಾಲ್ಚಿನ್ನಿ, ಯಾಲಕ್ಕಿ ತೊಲಿ ಲೆಕ್ಕ. ಎಣ್ಣೆ ಪಾವು, ಉಪ್ಪು ಬೊಗಸೆ, ಇಂಗು ಚೂರು, ಬಳ್ಳೊಳ್ಳಿ ಗಡ್ಡೆ ಲೆಕ್ಕ. ಒಂದೇ ಪದಾರ್ಥದಲ್ಲಿ ದಶಮಾಂಶ ಪದ್ಧತಿ, ಬ್ರಿಟಿಷರ ತೊಲೆ, ಅವರಿಗಿಂತ ಹಿಂದಿನ ಬೊಗಸೆ ಎಲ್ಲವೂ ಒಟ್ಟಿಗೆ ಕುಟ್ಟಿಸಿಕೊಳ್ಳುತ್ತವೆ. ಕೆಲವರು ಇದನ್ನು ಗೊಂದಲ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮೆಣಸಿನಕಾಯಿ ಬರೀ ಸಿಪ್ಪೆ ಮತ್ತು ಗಾಳಿ, ಸೇರಿನಿಂದ ಅಳೆದರೆ ಎಂದೂ ಒಂದೇ ಸಮ ಬರುವುದಿಲ್ಲ, ಆದ್ದರಿಂದ ತಕ್ಕಡಿ. ಹವೀಜ ಕಾಳು ಸೇರಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಆದ್ದರಿಂದ ಸೇರು. ಲವಂಗ ತುಟ್ಟಿ, ಬಂಗಾರದ ತಕ್ಕಡಿಯ ಭಾಷೆಯಲ್ಲೇ ಅದನ್ನು ಮಾತಾಡಿಸಬೇಕು, ಆದ್ದರಿಂದ ತೊಲಿ. ಸವಣೂರಿನ ವೀಳ್ಯದೆಲೆಯನ್ನು ಯಾರೂ ತೂಗುವುದೂ ಇಲ್ಲ ಅಳೆಯುವುದೂ ಇಲ್ಲ, ಎಣಿಸುತ್ತಾರೆ. ಯಾವ ಪದಾರ್ಥವನ್ನು ಹೇಗೆ ಕೇಳಬೇಕೋ ಹಾಗೆ ಕೇಳುವ ಜಾಣತನ ಇದು, ಇದನ್ನು ಒಂದೇ ಗ್ರಾಮಿನ ಕೋಲಿನಿಂದ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ.

ಉಪ್ಪಿನ ವಿಷಯದಲ್ಲಿ ಮಾತ್ರ ಚಮಚವನ್ನು ನಂಬಬೇಡಿ. ಸಾಣಿಕಟ್ಟೆಯ ಹರಳುಪ್ಪು ಬಳಸುವ ಮನೆಯ ಅಳತೆಯನ್ನು ಪುಡಿ ಉಪ್ಪಿನ ಮನೆಗೆ ಹಾಗೇ ಒಯ್ದರೆ ಸಾರು ಸಮುದ್ರವಾಗುತ್ತದೆ. ಹರಳುಗಳ ನಡುವೆ ಸಂದು ಇರುತ್ತದೆ, ಪುಡಿ ಸಂದು ಬಿಡದೆ ಕೂರುತ್ತದೆ. ಅದೇ ಚಮಚ, ತೂಕ ಹೆಚ್ಚು. ಚಮಚವಾದರೂ ದೇಶಕ್ಕೊಂದು: ದೊಡ್ಡ ಚಮಚ ಎಂದರೆ ಬಹಳ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಸಿಡ್ನಿಯಲ್ಲಿ ಮಗ ಇರುವವರು ಉಪ್ಪಿನಕಾಯಿಯ ಅಳತೆ ಹೇಳುವಾಗ ಎಚ್ಚರ.

ಎಣ್ಣೆ ಇನ್ನೂ ಠಕ್ಕು. ನೀರು ಲೀಟರಿಗೆ ಕಿಲೋ, ಹಾಲು ಲೀಟರಿಗೆ ಕಿಲೋದ ಮೇಲೆ ಮೂವತ್ತು ಗ್ರಾಂ ಆಚೀಚೆ, ಜೇನುತುಪ್ಪ ಲೀಟರಿಗೆ 1,400 ಗ್ರಾಂ. ಎಣ್ಣೆ 900ರ ಸುತ್ತ ಸುಳಿಯುತ್ತದೆ, ಅದೂ ಬಿಸಿಲು ಏರಿದಂತೆ ಇಳಿಯುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ. ಪೊಟ್ಟಣದ ಮೇಲೆ '60 ಡಿಗ್ರಿಯಲ್ಲಿ ಒಂದು ಲೀಟರ್' ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ ತುಂಬುವವರಿದ್ದರು. ಅಷ್ಟು ಬಿಸಿಲು ನಮ್ಮ ಹಾನಗಲ್ಲಿಗೆ ಎಂದೂ ಬಿದ್ದಿಲ್ಲ. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶದ ಮಾತು ಬಿಟ್ಟು ಲೀಟರಿನ ಜೊತೆಗೆ ತೂಕವನ್ನೂ ನಮೂದಿಸಿ ಎಂದು ಎಣ್ಣೆ ಕಂಪನಿಗಳಿಗೆ ಸೂಚಿಸಿತು. ಅಂದರೆ ಅಳತೆ ಹೇಳಿದವರು ತೂಕವನ್ನೂ ಹೇಳಬೇಕು. 'ಬ್ಯಾಳಿ ಎಷ್ಟೋ ಬೆಲ್ಲ ಅಷ್ಟ' ಎನ್ನುವ ನಮ್ಮ ಬಳಗದವರಿಗೂ ಇಂಥದೊಂದು ಸೂಚನೆ ಕಳಿಸುವ ಇಲಾಖೆ ಇದ್ದರೆ ಚೆನ್ನಾಗಿತ್ತು.

ತೂಕವನ್ನು ಅಳತೆಗೆ ತಿರುಗಿಸುವ ಕೆಲಸವನ್ನು ದಿನಾ ಮಾಡುವವರು ನಮ್ಮ ಶಾಲೆಗಳ ಬಿಸಿಯೂಟದ ಅಡುಗೆಯವರು. ನಿಯಮ ಗ್ರಾಮಿನಲ್ಲಿದೆ: ಒಂದರಿಂದ ಐದನೇ ಇಯತ್ತೆಯ ಮಗುವಿಗೆ ಧಾನ್ಯ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5, ಆರರಿಂದ ಎಂಟರವರಿಗೆ ಧಾನ್ಯ 150, ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ. ಸಣ್ಣ ಇಯತ್ತೆಯ 63 ಮಕ್ಕಳು ಬಂದರೆ ಹೆಡ್‌ಮಾಸ್ತರರು ದಾಖಲೆ ಪುಸ್ತಕದಲ್ಲಿ ಅಕ್ಕಿ 6.300 ಎಂದು ಎರಡು ಸೊನ್ನೆಯ ಗಾಂಭೀರ್ಯದಲ್ಲಿ ಬರೆಯುತ್ತಾರೆ. ಒಲೆಯ ಮುಂದಿನ ಅಕ್ಕ ಅದನ್ನು ಓದುವುದಿಲ್ಲ. ಆಕೆಯ ಹತ್ತಿರ ಒಂದು ಹಳೆಯ ಡಬ್ಬಿ ಇದೆ. ಹಿರೇಕೆರೂರು ಕಡೆಯ ಒಂದು ಹಳ್ಳಿಯಲ್ಲಿ ಅಂಥ ಡಬ್ಬಿಯೊಂದನ್ನು ಕೇಳಿ ಪಡೆದು ಅಕ್ಕಿ ತುಂಬಿ ತೂಗಿಸಿದೆವು. ಎರಡು ಕಿಲೋಗೆ ಹಿಡಿಯಷ್ಟು ಹೆಚ್ಚು. "ಇಪ್ಪತ್ತು ಹುಡುಗರಿಗೆ ಒಂದು ಡಬ್ಬಿ ರೀ ಸರ್" ಎಂದಳು ಆಕೆ. ಹೆಚ್ಚಿನ ಹಿಡಿ ಯಾತಕ್ಕೆ ಎಂದು ಕೇಳಿದ್ದಕ್ಕೆ, "ಒಂದೆರಡು ಹುಡುಗ್ರು ಇನ್ನೊಮ್ಮೆ ತಾಟ ಹಿಡೀತಾವಲ್ರೀ" ಎಂದಳು. ಸರ್ಕಾರದ 100 ಗ್ರಾಂ ಎಂಬುದು ಆ ಡಬ್ಬಿಗೆ ಬರುವ ಹೊತ್ತಿಗೆ ಒಂದು ಹಿಡಿ ಬೆಳೆದಿರುತ್ತದೆ. ಅದು ಯಾವ ಚೀಲದಿಂದ ಬರುತ್ತದೆ, ಪುಸ್ತಕದಲ್ಲಿ ಹೇಗೆ ಸರಿದೂಗುತ್ತದೆ ಎಂದು ಹೆಡ್‌ಮಾಸ್ತರರನ್ನು ಕೇಳಲು ನನಗೆ ಮನಸ್ಸಾಗಲಿಲ್ಲ.

ಅದೇ ಹಿರೇಕೆರೂರು ತಾಲ್ಲೂಕಿನ ಅಬಲೂರಿನವನು ಎನ್ನುವ ಸರ್ವಜ್ಞ ಮೂರು ಮೂರು ಸಾಲಿನಲ್ಲಿ ಲೋಕದ ಎಲ್ಲ ವಿದ್ಯೆಗಳನ್ನೂ ಮುಗಿಸಿದವನು. ನಮ್ಮ ಮನೆಗಳ ಅಡುಗೆಯ ಅಳತೆಯೂ ಮೂರೇ ಸಾಲು ಇರುತ್ತದೆ: ಇಷ್ಟು ಹಾಕು, ಹಿಡಿದಷ್ಟು ನೀರು, ಹದ ನೋಡಿ ಇಳಿಸು. ಸರ್ವಜ್ಞನ ವಚನಕ್ಕೆ ವ್ಯಾಖ್ಯಾನ ಬರೆಯುವ ಪಂಡಿತರಿದ್ದಾರೆ. ದೊಡ್ಡವ್ವನ ವಚನಕ್ಕೆ ನಾವೇ ಬರೆಯಬೇಕು.

ಬರೆಯುವ ಉಪಾಯ ಸರಳ, ಹಾಲಿನ ಬಾಟಲಿ ಹೊತ್ತು ತಿರುಗಿ ನಾನು ಕಂಡುಕೊಂಡದ್ದು ಇಷ್ಟೇ. ಮೊದಲು ಮನೆಯ ವಾಟಗದ ತುಂಬ ನೀರು ಹಾಕಿ ತೂಗಿ. ನೀರಿನ ಗ್ರಾಂ ಎಷ್ಟೋ ವಾಟಗದ ಮಿಲಿಲೀಟರ್ ಅಷ್ಟು. ಇಲ್ಲಿ ಮಾತ್ರ ಆ 'ಅಷ್ಟು' ಮೋಸ ಮಾಡುವುದಿಲ್ಲ. ಆಮೇಲೆ ವಾಟಗ ಒರೆಸಿ ಒಣಗಿಸಿ, ಅಡುಗೆ ಮಾಡುವವರ ಕೈಯಿಂದಲೇ, ಅವರು ಎಂದಿನಂತೆ ತುಂಬುವ ಹಾಗೆಯೇ ಬೇಳೆ, ರವೆ, ಸಕ್ಕರೆ, ಹಿಟ್ಟು ಒಂದೊಂದಾಗಿ ತುಂಬಿಸಿ ತೂಗಿಸಿ. ನೀವು ತುಂಬಬೇಡಿ, ನಿಮ್ಮ ಕೈಗೆ ಆ ಗುಡ್ಡ ಬರುವುದಿಲ್ಲ. ಬೆಲ್ಲವನ್ನು ಮಾತ್ರ ಅವರು ಪೆಂಟಿಯಿಂದ ಒಡೆದು ಹಾಕಿದ ಮೇಲೆ, ಉಳಿದ ಪೆಂಟಿ ತೂಗಿ ಕಳೆಯಿರಿ. ನಮ್ಮ ದೊಡ್ಡವ್ವನ 'ಅಷ್ಟ' ಹೀಗೆ ತೂಗಿ ನೋಡಿದಾಗ ಬೇಳೆಯ ತೂಕಕ್ಕೆ ಬೆಲ್ಲ ಸವ್ವಾಪಟ್ಟು ಬಂತು. ಆಕೆಗೆ ಹೇಳಿದರೆ, "ಹಂಗಾದ್ರ ಬೆಲ್ಲ ಹೆಚ್ಚಾತನ?" ಎಂದು ಮುಂದಿನ ಸಲ ಕಡಿಮೆ ಹಾಕಿಯಾಳೆಂದು ಹೆದರಿ ಹೇಳಿಲ್ಲ. ನೀವೂ ಹೇಳಬೇಡಿ.

ತೂಗಿದ್ದನ್ನು ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಬರೆದಿಡಿ, ಸುಣ್ಣ ಬಳಿಯುವವರಿಗೆ ಅಷ್ಟು ಜಾಗ ಬಿಡಲು ಹೇಳಿ. ಈ ಕೆಲಸಕ್ಕೆ ಹಬ್ಬದ ದಿನ ಮಾತ್ರ ಬೇಡ. ಹೋಳಿಗೆ ಬೇಯುವ ಹೊತ್ತಿಗೆ ತಕ್ಕಡಿ ಹಿಡಿದು ಅಡುಗೆಮನೆಗೆ ಹೋದರೆ ಕೈಗೆ ಸಿಗುವುದು ಲಟ್ಟಣಿಗೆ, ಅದೂ ತೂಕದ ಲೆಕ್ಕದಲ್ಲಿ.